ಅತ್ತೆಯೂ ಬಿಟ್ಟು ಬಂದ ಮನೆ

ಹುನಗುಂದದ ಬಸ್ ನಿಲ್ದಾಣದಿಂದ ಹೊರಬಿದ್ದು, ಮೋಟಾರಿಗೆ ತಂತಿ ಸುತ್ತುವ ಲಕ್ಷ್ಮಣನ ಅಂಗಡಿ ಎಲ್ಲಿ ಎಂದು ಕೇಳಿದರೆ ಯಾರಾದರೂ ಕೈಮಾಡಿ ತೋರಿಸುತ್ತಾರೆ. ಸುತ್ತಲಿನ ಹಳ್ಳಿಗಳಲ್ಲಿ ಬೋರಿನ ಮೋಟಾರು ಸುಟ್ಟರೆ ಬರುವುದು ಅವನ ಹತ್ತಿರವೇ. ಸಿಟ್ಟಿನಿಂದ ಕೂಗಾಡುತ್ತ ಬಂದ ಗಿರಾಕಿಯನ್ನೂ ಕೂರಿಸಿ, ಚಹಾ ತರಿಸಿ, ಮೆಲ್ಲಗಿನ ದನಿಯಲ್ಲಿ ಮಾತಾಡಿಸಿ ಕಳಿಸುವವನು. ಲಕ್ಷ್ಮಣಂದು ಭಾಳ ತಾಳ್ಮಿ ಎಂದು ಊರೇ ಹೇಳುತ್ತಿತ್ತು. ಅದು ಸುಳ್ಳೇನಲ್ಲ. ಇದ್ದ ತಾಳ್ಮೆಯನ್ನೆಲ್ಲ ಅವನು ಅಂಗಡಿಯಲ್ಲೇ ಖರ್ಚು ಮಾಡಿ ಮನೆಗೆ ಬರುತ್ತಿದ್ದ, ಅಷ್ಟೆ. ಅದನ್ನು ಮೊದಲಿನಿಂದ ಬಲ್ಲವರು ಇಬ್ಬರು. ಒಬ್ಬಳು ಅವನ ಹೆಂಡತಿ ಕಸ್ತೂರಿ. ಇನ್ನೊಬ್ಬಳು ಅವನ ತಾಯಿ ಇಂದ್ರವ್ವ.

ಕಸ್ತೂರಿ ಶಿರೂರಿನ ಹೆಣ್ಣು. ಹತ್ತೊಂಬತ್ತಕ್ಕೆ ಮದುವೆಯಾಗಿ ಹುನಗುಂದಕ್ಕೆ ಬಂದಳು. ಮೊದಲನೆಯ ಏಟು ಬಿದ್ದದ್ದು ಮದುವೆಯಾದ ನಾಲ್ಕನೆಯ ತಿಂಗಳಲ್ಲಿ, ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ಎಂದು. ಉಪ್ಪು ಕಡಿಮೆ ಎಂದು ಮಗನಿಗೆ ಮೊದಲು ಹೇಳಿದವಳು ಇಂದ್ರವ್ವ. ಆಮೇಲೆ ಆಕೆ ಗೋಡೆಯ ಕಡೆ ಮುಖ ಮಾಡಿ ಕೂತಳು. ಹದಿನೆಂಟು ವರ್ಷ ಆಕೆ ಹಾಗೆಯೇ ಕೂತಳು. ಯಾವಾಗಲೋ ಒಮ್ಮೆ, ಕಸ್ತೂರಿಯ ಬೆನ್ನಿಗೆ ಎಣ್ಣೆ ಹಚ್ಚುತ್ತ, ಸುಮ್ನ ಇರು, ಅವರಪ್ಪನೂ ಹಿಂಗ ಇದ್ದ, ವಯಸ್ಸಾದ ಮ್ಯಾಲ ತಣ್ಣಗಾದ ಎಂದಿದ್ದಳು. ಮಾವ ತಣ್ಣಗಾದದ್ದು ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ಮೇಲೆ ಎಂಬುದು ಕಸ್ತೂರಿಗೆ ಗೊತ್ತಿತ್ತು.

ಲಕ್ಷ್ಮಣ ಮುಖಕ್ಕೆ ಕೈಹಚ್ಚುತ್ತಿರಲಿಲ್ಲ. ಬೆನ್ನು, ತೋಳು, ತೊಡೆ, ಸೀರೆ ಮುಚ್ಚುವ ಜಾಗ ಅಷ್ಟೆ. ಬಡಿಯದ ದಿನಗಳಲ್ಲಿ ಇನ್ನೊಂದು ಮಾಡುತ್ತಿದ್ದ. ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಮೀಟರಿನ ಪಕ್ಕದ ಫ್ಯೂಸು ಕಿತ್ತು ಅಂಗಿಯ ಕಿಸೆಯಲ್ಲಿ ಹಾಕಿಕೊಂಡು ಹೋಗುವನು. ಏಪ್ರಿಲ್ ಬಿಸಿಲಲ್ಲಿ ತಗಡಿನ ಮಾಡಿನ ಕೆಳಗೆ ಫ್ಯಾನಿಲ್ಲದೆ ಅತ್ತೆ ಸೊಸೆ ಇಬ್ಬರೂ ಸಂಜೆಯ ತನಕ ಬೇಯಬೇಕು. ನೆರೆಯವರು ಕರೆಂಟು ಇದೆಯಲ್ಲ, ನಿಮ್ಮಲ್ಲಿ ಯಾಕಿಲ್ಲ ಎಂದರೆ, ವಾಯರಿಂಗ್ ಕೆಟ್ಟಿದೆ ಎನ್ನಬೇಕು. ಊರಿಗೆಲ್ಲ ಕರೆಂಟಿನ ಕೆಲಸ ಮಾಡುವವನ ಮನೆಯಲ್ಲಿ ವಾಯರಿಂಗ್ ಕೆಡುವುದನ್ನು ಅವರು ನಂಬುತ್ತಿದ್ದರೋ ಇಲ್ಲವೋ, ಎರಡನೆಯ ಸಲ ಕೇಳುತ್ತಿರಲಿಲ್ಲ.

ಎರಡು ಸಲ ಆಕೆ ತವರಿಗೆ ಹೋಗಿದ್ದಳು. ಎರಡು ಸಲವೂ ಅಣ್ಣ ನೀಲಪ್ಪನೇ ಬೈಕಿನ ಹಿಂದೆ ಕೂರಿಸಿಕೊಂಡು ಬಂದು ಬಿಟ್ಟುಹೋದ. ಕೆಟ್ಟವನಲ್ಲ ನೀಲಪ್ಪ. ಗಂಡಾ ಹೆಂಡತಿ ಅಂದ ಮ್ಯಾಲ ಒಂದು ಮಾತು ಬರ್ತದ, ಹೋಗ್ತದ ಎನ್ನುವನು. ಎರಡನೆಯ ಸಲ ಅಣ್ಣನ ಬೈಕು ಓಣಿಯ ತಿರುವು ದಾಟಿ ಹೋದ ಮೇಲೆ ಕಸ್ತೂರಿ ತವರಿನ ಆಸೆ ಬಿಟ್ಟಳು. ಅಳಲೂ ಇಲ್ಲ. ಅಷ್ಟರೊಳಗೆ ಆಕೆಗೆ ಅಳುವುದೂ ಒಂದು ಕೆಲಸ ಅನಿಸತೊಡಗಿತ್ತು.

ಮಾಡಿದ್ದು ಒಂದೇ. ಮಗಳು ಪದ್ಮಶ್ರೀ ಐದನೆಯ ತರಗತಿ ಮುಗಿಸುತ್ತಿದ್ದಂತೆ ಪ್ರವೇಶ ಪರೀಕ್ಷೆಗೆ ಕೂರಿಸಿ, ಬಾಗಲಕೋಟೆಯ ಕಡೆಯ ಸರ್ಕಾರಿ ವಸತಿ ಸಾಲೆಗೆ ಸೇರಿಸಿದಳು. ಮಗಳು ಹುಷಾರು ಎಂಬ ಹೆಮ್ಮೆಯಲ್ಲಿ ಲಕ್ಷ್ಮಣ ತಾನೇ ಸಹಿ ಮಾಡಿದ. ಟ್ರಂಕು ಹೊತ್ತು ಬಿಟ್ಟುಬಂದ ದಿನ ಕಸ್ತೂರಿಯ ಎದೆಯ ಮೇಲಿನ ಒಂದು ಕಲ್ಲು ಇಳಿಯಿತು. ಇನ್ನು ಮಗಳ ಕಣ್ಣೆದುರು ಬಡಿಸಿಕೊಳ್ಳಬೇಕಿಲ್ಲ. ಬಿಟ್ಟು ಹೋಗುವ ವಿಚಾರ ಆಗಲೂ ಇರಲಿಲ್ಲ. ವಿಚಾರ ಮಾಡಲಿಕ್ಕೂ ಒಂದಷ್ಟು ತ್ರಾಣ ಬೇಕಾಗುತ್ತದೆ.

ಆಮೇಲೆ ಎರಡು ವರ್ಷಕ್ಕೆ ಕೈ ಮುರಿಯಿತು. ಗಿರಾಕಿಯೊಬ್ಬನ ಫೋನು ಬಂದಾಗ ಲಕ್ಷ್ಮಣ ಜಳಕಕ್ಕೆ ಹೋಗಿದ್ದ. ಕಸ್ತೂರಿ ಎತ್ತಿ, ಈಗ ಬರ್ತಾರ್ರಿ ಎಂದಳು. ಹೊರಬಂದವನು ಯಾರ ಜೊತೆ ಮಾತಾಡಿದಿ ಎಂದು ಬಲಮುಂಗೈ ಹಿಡಿದು ತಿರುವಿದ. ಎಲುಬು ಲಟಕ್ಕೆಂದದ್ದು ಮೂವರಿಗೂ ಕೇಳಿಸಿತು. ದವಾಖಾನೆಗೆ ಅವನೇ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಗುಂಡಿ ತಪ್ಪಿಸಿ ನಿಧಾನ ಬೈಕು ಹೊಡೆದ.

ಬಚ್ಚಲಲ್ಲಿ ಜಾರಿ ಬಿದ್ದೆ ಎಂದಳು ಕಸ್ತೂರಿ. ನರ್ಸ್ ತಸ್ಲೀಮಾ ಕೇಳಿಸಿಕೊಂಡಳು. ಗಂಡನನ್ನು ಔಷಧಿ ಅಂಗಡಿಗೆ ಕಳಿಸಿ, ಆಕೆಯ ಕುಪ್ಪಸದ ತೋಳು ಮೇಲೆ ಸರಿಸಿ, ಹಳೆಯ ಹಸಿರುಗಟ್ಟಿದ ಗುರುತುಗಳನ್ನು ನೋಡಿದಳು. ಏನೂ ಕೇಳಲಿಲ್ಲ. ತನ್ನ ದೊಡ್ಡಮ್ಮ ಬಾನುಬಿ ಕುಳಗೇರಿ ಕ್ರಾಸಿನಲ್ಲಿ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತಾಳೆಂದೂ, ಕೆಲಸಕ್ಕೆ ಹೆಣ್ಣುಮಕ್ಕಳು ಬೇಕಾಗಿದ್ದಾರೆಂದೂ, ಹಿತ್ತಲಿಗೊಂದು ಖಾಲಿ ಖೋಲಿ ಇದೆಯೆಂದೂ, ಯಾರದೋ ಸುದ್ದಿ ಹೇಳುವವಳಂತೆ ಹೇಳಿದಳು. ಕಸ್ತೂರಿ ಪ್ಲಾಸ್ಟರ್ ಹಾಕಿದ ಕೈ ನೋಡಿಕೊಂಡಳು. ರೊಟ್ಟಿ ಬಡಿಯುವ ಕೈ ಅದೇ.

‘ಕೈ ಕೂಡೂತನಕ ದೊಡ್ಡಮ್ಮ ಕಾಯ್ತಾಳ,’ ಎಂದಳು ತಸ್ಲೀಮಾ.

ಪ್ಲಾಸ್ಟರ್ ತೆಗೆದ ವಾರಕ್ಕೆ, ಒಂದು ಸೋಮವಾರ ಹತ್ತು ಗಂಟೆಗೆ, ಲಕ್ಷ್ಮಣ ಅಂಗಡಿಗೆ ಹೋದ ಅರ್ಧ ತಾಸಿಗೆ ಕಸ್ತೂರಿ ಹೊರಟಳು. ದೊಡ್ಡ ಧೈರ್ಯ ಮಾಡಿದೆ ಎಂದು ಆಕೆ ಯಾವತ್ತೂ ಹೇಳಿಕೊಂಡಿಲ್ಲ. ಆ ದಿನ ಬೆಳಿಗ್ಗೆ ಎದ್ದಾಗ, ಈ ಮನೆಯಲ್ಲಿ ಇನ್ನೊಂದು ದಿನ ಕಳೆಯುವಷ್ಟು ಶಕ್ತಿ ಮೈಯಲ್ಲಿ ಇಲ್ಲ ಅನಿಸಿತಂತೆ. ಹೋಗುವುದಕ್ಕಿಂತ ಇರುವುದೇ ಹೆಚ್ಚು ದಣಿವಿನ ಕೆಲಸವಾಗಿ ಕಂಡಿತಂತೆ. ಕೈಚೀಲದಲ್ಲಿ ಎರಡು ಸೀರೆ, ಆಧಾರ್ ಕಾರ್ಡು, ಮಗಳ ಸಾಲೆಯ ಕಾಗದ. ಪಡಸಾಲೆಯ ಹೊರಸಿನ ಮೇಲೆ ಇಂದ್ರವ್ವ ಮಲಗಿದ್ದಳು. ಕಣ್ಣು ತೆರೆದೇ ಇದ್ದವು. ಚೀಲ ನೋಡಿದಳು, ಸೊಸೆಯ ಮುಖ ನೋಡಿದಳು.

‘ಕುಕ್ಕರ್ ಇಳಿಸಿ ಹೋಗು,’ ಎಂದಳು.

ಕಸ್ತೂರಿ ವಾಪಸು ಹೋಗಿ ಗ್ಯಾಸು ಆರಿಸಿ, ಕುಕ್ಕರ್ ಇಳಿಸಿ ಹೊರಟಳು. ಬಾಗಲಕೋಟೆಗೆ ಒಂದು ಬಸ್ಸು, ಅಲ್ಲಿಂದ ಹುಬ್ಬಳ್ಳಿಯ ಬಸ್ಸು. ಆಧಾರ್ ತೋರಿಸಿದರೆ ಹೆಂಗಸರಿಗೆ ಪುಕ್ಕಟೆ ಚೀಟಿ ಕೊಡುತ್ತಿದ್ದ ದಿನಗಳು. ಇಲ್ಲದಿದ್ದರೆ ಆಕೆ ಹುನಗುಂದದ ಗಡಿಯನ್ನೂ ದಾಟುತ್ತಿರಲಿಲ್ಲ. ಕೆರೂರು ದಾಟುವ ತನಕ ಹಿಂದೆ ಬೈಕಿನ ಸಪ್ಪಳ ಕೇಳಿದಾಗಲೆಲ್ಲ ತಲೆ ತಗ್ಗಿಸಿ ಕೂತಳು. ಅತ್ತೆ ಆ ಹೊತ್ತಿಗೇ ಮಗನಿಗೆ ಫೋನು ಮಾಡಿಸಿರುತ್ತಾಳೆ ಎಂದುಕೊಂಡಿದ್ದಳು. ಇಂದ್ರವ್ವ ಮಾಡಿಸಿರಲಿಲ್ಲ. ಸಂಜೆ ಮಗ ಬಂದು ಕೇಳಿದಾಗ, ಸಂತಿಗೆ ಹೋಗ್ಯಾಳ ಎಂದಿದ್ದಳು. ಇದು ಕಸ್ತೂರಿಗೆ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ.

ಕುಳಗೇರಿ ಕ್ರಾಸೆಂದರೆ ನಾಲ್ಕು ದಾರಿ ಕೂಡುವ ಜಾಗ. ಟಯರ್ ಅಂಗಡಿ, ಚಹಾದಂಗಡಿ, ಖಾನಾವಳಿ, ಬಸ್ಸು ಕಾಯುವ ಜನ. ಎಲ್ಲರೂ ಎಲ್ಲಿಗೋ ಹೊರಟವರೇ ಆದದ್ದರಿಂದ ಯಾರೂ ಯಾರನ್ನೂ ಹೆಚ್ಚು ಹೊತ್ತು ನೋಡುವುದಿಲ್ಲ. ಅಂಗಡಿ ಸಾಲಿನ ಹಿಂದೆ ಬಾನುಬಿಯ ಮನೆ. ಮುಂದಿನ ಚಪ್ಪರದಡಿ ಆರು ಒಲೆ, ಆರು ಹಂಚು. ಅರವತ್ತು ದಾಟಿದ ಬಾನುಬಿ ಮಾತು ಕಡಿಮೆ ಆಡುವವಳು. ಕಸ್ತೂರಿಗೆ ಖೋಲಿ ತೋರಿಸಿ, ಒಳಗಿನ ಚಿಲಕ ಹಾಕಿ ತೆಗೆದು ತೋರಿಸಿ, ಹೊರಗಿನದು ಮುರಿದಿದೆ, ಅದರ ಕೆಲಸ ಇಲ್ಲ ಎಂದಳು.

ಮೊದಲಿನ ಮೂರು ದಿನ ಕಸ್ತೂರಿ ಮಲಗಿದ್ದೇ ಮಲಗಿದ್ದು. ಎಷ್ಟು ಮಲಗಿದರೂ ಸಾಲದು. ಹದಿನೆಂಟು ವರ್ಷದ ನಿದ್ದೆ ಬಾಕಿ ಇತ್ತು. ಎದ್ದರೆ ನಿಂತೇ ಉಣ್ಣುವಳು, ಬಾಗಿಲ ಕಡೆ ಮುಖಮಾಡಿ. ಯಾರಾದರೂ ಪಾತ್ರೆ ಕೆಡವಿದರೆ ಎರಡೂ ಕೈ ತಲೆಯ ಮೇಲೆ ಹೋಗುತ್ತಿದ್ದವು. ಒಲೆಯ ಮುಂದಿನ ಹೆಣ್ಣುಮಕ್ಕಳು ನೋಡಿಯೂ ನೋಡದವರ ಹಾಗೆ ರೊಟ್ಟಿ ಬಡಿಯುತ್ತಿದ್ದರು. ಅವರಲ್ಲಿ ಇಬ್ಬರು ಹಾಗೆಯೇ ಬಂದವರು.

ತಸ್ಲೀಮಾ ಹೇಳಿದ್ದಕ್ಕೆ ಬಾಗಲಕೋಟೆಗೆ ಹೋಗಿ, ಹೆಣ್ಣುಮಕ್ಕಳ ಸಾಂತ್ವನ ಕೇಂದ್ರದಲ್ಲಿ ಅರ್ಜಿ ಬರೆದುಕೊಟ್ಟಳು. ಅವರು ಲಕ್ಷ್ಮಣನನ್ನು ಕರೆಸಿದರು. ಅವನು ಇಸ್ತ್ರಿ ಅಂಗಿ ತೊಟ್ಟು ಬಂದು, ಅದೇ ಮೆಲ್ಲಗಿನ ದನಿಯಲ್ಲಿ, ಹೆಂಡತಿಗೆ ಸ್ವಲ್ಪ ತಲೆ ಸರಿಯಿಲ್ಲ ಎಂದ. ಮುಂದೆ ಬಾದಾಮಿಯ ಕೋರ್ಟಿನಲ್ಲಿ ಅವನ ಮೇಲೆ ಕೇಸು ಸುರುವಾಯಿತು. ತಾರೀಖಿನ ಮೇಲೆ ತಾರೀಖು. ಕಸ್ತೂರಿ ಹೋಗುವಳು, ಜಗುಲಿಯ ಮೇಲೆ ಕೂರುವಳು, ಹೆಸರು ಕರೆದರೆ ಎದ್ದು ನಿಲ್ಲುವಳು, ಮುಂದಿನ ತಾರೀಖು ಬರೆಸಿಕೊಂಡು ಬರುವಳು.

ಕೈ ಸೊಟ್ಟಗೆ ಕೂಡಿತ್ತು. ಇಪ್ಪತ್ತು ರೊಟ್ಟಿ ಬಡಿದರೆ ಮುಂಗೈಯಿಂದ ಭುಜದ ತನಕ ಸೆಳೆತ. ಆದರೂ ನಾಲ್ಕು ತಿಂಗಳಿಗೆ ಒಂದು ರೂಢಿ ಬಂತು. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಖೋಲಿಗೆ ಬಂದು ಚಿಲಕ ಹಾಕಿ, ಫ್ಯಾನು ತಿರುಗಿಸಿ, ನೆಲದ ಮೇಲೆ ಅಂಗಾತ ಮಲಗುವಳು. ಯಾರೂ ನೋಡುತ್ತಿಲ್ಲ. ಅದೊಂದು ತಾಸು ಆಕೆಯದು.

ಅಂಥದೊಂದು ತಾಸಿನಲ್ಲೇ ಬಾಗಿಲು ಬಡಿದದ್ದು. ತೆರೆದರೆ ಇಂದ್ರವ್ವ ನಿಂತಿದ್ದಳು, ಕಂಕುಳಲ್ಲಿ ಗಂಟು, ಮೈಯೆಲ್ಲ ಬೆವರು. ಎಡಗೈಯನ್ನು ಸೀರೆಯ ಸೆರಗಿನಲ್ಲಿ ಕಟ್ಟಿ ಕೊರಳಿಗೆ ತೂಗುಹಾಕಿಕೊಂಡಿದ್ದಳು.

ಹೇಳಿಸಿಕೊಳ್ಳುವ ಅಗತ್ಯವಿರಲಿಲ್ಲ. ಸೊಸೆ ಹೋದ ಮೇಲೆ ಕೈ ಮಾಡಲು ಮನೆಯಲ್ಲಿ ಉಳಿದದ್ದು ಅವ್ವ ಒಬ್ಬಳೇ. ಮುದುಕಿ ಅದೇ ದವಾಖಾನೆಗೆ ಹೋಗಿದ್ದಳು, ಅದೇ ಬಚ್ಚಲಲ್ಲಿ ಜಾರಿದೆ ಎಂದಿದ್ದಳು. ತಸ್ಲೀಮಾ ಆಕೆಗೂ ದಾರಿ ಹೇಳಿ ಕಳಿಸಿದ್ದಳು.

ಕಸ್ತೂರಿಗೆ ಕನಿಕರ ಬರಲಿಲ್ಲ. ಬಂದದ್ದು ದಣಿವು. ಇಡೀ ಭೂಮಿಯ ಮೇಲೆ ಹತ್ತು ಅಡಿ ಉದ್ದ ಎಂಟು ಅಡಿ ಅಗಲದ ಒಂದು ಜಾಗ ಆಕೆಗೆ ಸಿಕ್ಕಿತ್ತು. ಅಲ್ಲಿಗೂ ಆ ಮನೆಯ ಕಣ್ಣು ಹುಡುಕಿಕೊಂಡು ಬಂದಿತ್ತು.

‘ಹದಿನೆಂಟು ವರ್ಷ ನಿಮ್ಮ ಮುಂದ ಬಡಿಸ್ಕೊಂಡೀನ್ರಿ ಅತ್ತಿ,’ ಎಂದಳು, ದಾರಿ ಬಿಡದೆ. ‘ನೀವು ಮುಖ ತಿರುವಿ ಕುಂತ್ರಿ.’

‘ಹೌದು, ಕುಂತ್ನಿ,’ ಎಂದಳು ಇಂದ್ರವ್ವ.

ಮತ್ತೇನಾದರೂ ಹೇಳುತ್ತಾಳೆ, ಅಳುತ್ತಾಳೆ, ಕಾಲು ಹಿಡಿಯುತ್ತಾಳೆ ಎಂದು ಕಸ್ತೂರಿ ಕಾದಳು. ಮುದುಕಿ ಏನೂ ಮಾಡಲಿಲ್ಲ. ಬಿಸಿಲಲ್ಲಿ ನಿಂತೇ ಇದ್ದಳು. ಕಡೆಗೆ ಕಸ್ತೂರಿಯೇ ಬಾಗಿಲಿಂದ ಸರಿದಳು. ಕ್ಷಮಿಸಿ ಸರಿಯಲಿಲ್ಲ. ನಿಂತು ನಿಂತು ಆಕೆಯ ಕಾಲೂ ಸೋತಿದ್ದವು.

ಆ ವಾರ ತಸ್ಲೀಮಾಳ ಜೊತೆ ಫೋನಿನಲ್ಲಿ ಕಸ್ತೂರಿ ಸರಿಯಾಗಿ ಮಾತಾಡಲಿಲ್ಲ. ಕೇಳದೆ ಯಾಕೆ ಕಳಿಸಿದಿ ಎಂದಳು. ತಸ್ಲೀಮಾ, ನಿನ್ನ ಕಳಿಸೂಮುಂದೂ ನಾ ದೊಡ್ಡಮ್ಮನ್ನ ಕೇಳಿದ್ದಿಲ್ಲ ಎಂದಳು.

ಇಬ್ಬರಿಗೂ ಒಂದೇ ಖೋಲಿಯಲ್ಲಿ ಇರುವುದು ಸುಲಭವಾಗಲಿಲ್ಲ. ಮುದುಕಿಯ ಬಾಯಿಗೆ ಹಳೆಯ ಚಟ. ಮೂರನೆಯ ದಿನವೇ ತಾಟಿನ ಮುಂದೆ ಕೂತು, ಬ್ಯಾಳ್ಯಾಗ ಉಪ್ಪ ಇಲ್ಲ ಎಂದಳು. ಕಸ್ತೂರಿಯ ಕೈ ನಿಂತಿತು. ಆಕೆ ಉಪ್ಪಿನ ಡಬ್ಬಿ ತಂದು ಅತ್ತೆಯ ಮುಂದಿಟ್ಟು, ಈ ಖೋಲಿಯಲ್ಲಿ ಅಡುಗೆಯ ಮಾತು ಯಾರೂ ಆಡಬಾರದು, ಬೇಕಾದವರು ಬೇಕಾದಷ್ಟು ಹಾಕಿಕೊಳ್ಳಬೇಕು ಎಂದಳು. ದನಿ ಏರಿಸಲಿಲ್ಲ. ಇಂದ್ರವ್ವ ಚಿಟಿಕೆ ಉಪ್ಪು ಹಾಕಿಕೊಂಡು ಉಂಡಳು. ಆ ಮಾತು ಮತ್ತೆ ಬರಲಿಲ್ಲ. ಗೊಣಗುವುದು ಮಾತ್ರ ನಿಲ್ಲಲಿಲ್ಲ. ಸೆಕೆಯ ಬಗ್ಗೆ, ಸೊಳ್ಳೆಯ ಬಗ್ಗೆ, ಲಾರಿಗಳ ಹಾರ್ನಿನ ಬಗ್ಗೆ ಗೊಣಗುತ್ತಿದ್ದಳು.

ತನ್ನ ಎಡಗೈ ನೆಟ್ಟಗಾದ ಮೇಲೆ ಒಂದು ಬೆಳಿಗ್ಗೆ ಇಂದ್ರವ್ವ ಯಾರಿಗೂ ಹೇಳದೆ ಚಪ್ಪರಕ್ಕೆ ಬಂದು, ಕಸ್ತೂರಿಯ ಮುಂದಿನ ಪರಾತ ತನ್ನ ಕಡೆ ಎಳೆದುಕೊಂಡು, ಬಿಸಿನೀರು ಹೊಯ್ದು ಜೋಳದ ಹಿಟ್ಟು ನಾದತೊಡಗಿದಳು. ನಾದುವುದೇ ಕಸ್ತೂರಿಯ ಮುಂಗೈಗೆ ದೊಡ್ಡ ಶಿಕ್ಷೆಯಾಗಿತ್ತು. ಯಾರು ಹೇಳಿದರೋ, ಅಥವಾ ಮುದುಕಿ ತಾನೇ ನೋಡಿಕೊಂಡಿದ್ದಳೋ. ಕಸ್ತೂರಿ ನಾದಿದ ಉಂಡೆ ತಗೊಂಡು ಬಡಿದಳು. ಆ ದಿನ ಮೂವತ್ತೈದನೆಯ ರೊಟ್ಟಿಗೆ ಸೆಳೆತ ಸುರುವಾಯಿತು.

ಶ್ರಾವಣದ ಒಂದು ಮಧ್ಯಾಹ್ನ ಲಕ್ಷ್ಮಣ ಬಂದ. ಅಂಗಳದಲ್ಲಿ ಬೈಕು ನಿಂತ ಸಪ್ಪಳಕ್ಕೇ ಕಸ್ತೂರಿಯ ಕೈಯೊಳಗಿನ ರೊಟ್ಟಿ ಹರಿಯಿತು. ಹದಿನೆಂಟು ವರ್ಷ ದಿನಾ ಸಂಜೆ ಕಿವಿಗೊಟ್ಟು ಕೇಳಿದ ಸಪ್ಪಳ ಅದು. ಹಿಂದಿನ ಸೀಟಿನಲ್ಲಿ ಆಕೆಯ ಅಣ್ಣ ನೀಲಪ್ಪ ಇದ್ದ. ಕಸ್ತೂರಿ ಎದ್ದು ಖೋಲಿಯ ಒಳಗೆ ಹೋಗಿ ಗೋಡೆಗೆ ಆತು ನಿಂತಳು. ಚಿಲಕ ಹಾಕಬೇಕೆಂದರೂ ಹಿಟ್ಟು ಹತ್ತಿದ ಕೈ ಮೇಲೆ ಏಳಲಿಲ್ಲ.

ಲಕ್ಷ್ಮಣ ಚಪ್ಪಲಿ ಕಳಚಿಟ್ಟು, ಎಲ್ಲರಿಗೂ ನಮಸ್ಕಾರ ಮಾಡಿ, ತಾಯಿಯ ಎದುರಿಗೆ ಕುಕ್ಕರಗಾಲಲ್ಲಿ ಕೂತ. ಜನ ಏನಂತಾರ ಅವ್ವಾ, ನಡಿ ಮನಿಗೆ, ಆಕಿನ್ನೂ ಕರಿ, ಆದದ್ದು ಆಗಿಹೋತು ಎಂದು ಮೆಲ್ಲಗೆ ಹೇಳಿದ. ಕೇಳಿದರೆ ಯಾರ ಮನಸ್ಸಾದರೂ ಕರಗಬೇಕು. ನೀಲಪ್ಪ ಹೌದೆಂದು ತಲೆಯಾಡಿಸುತ್ತಿದ್ದ. ಇಂದ್ರವ್ವ ಹಿಟ್ಟು ನಾದುತ್ತಲೇ ಇದ್ದಳು. ಮಗನ ಮಾತು ಮುಗಿದ ಮೇಲೆ ಕೈ ನಿಲ್ಲಿಸಿದಳು.

‘ನಿಮ್ಮಪ್ಪ ನನ್ನ ಬಡಿಯಾಕತ್ರ ನೀ ಬಾಗಲ ಹಿಂದ ನಿಂತು ಅಳ್ತಿದ್ದಿ,’ ಎಂದಳು. ‘ಐದು ವರ್ಷದಾಂವ ಇದ್ದಿ. ನೀ ಸೊಸಿನ್ನ ಬಡಿಯಾಕತ್ತಿದಾಗ ನಾ ಅಷ್ಟೂ ಅಳ್ಳಿಲ್ಲ. ನನ್ನ ತಪ್ಪು ಅದು. ಅದನ್ನ ತಗೊಂಡ ಇಲ್ಲಿ ಕುಂತೀನಿ. ನೀ ಹೋಗು.’

ಲಕ್ಷ್ಮಣನ ಮುಖ ಕಪ್ಪಿಟ್ಟಿತು. ಒಲೆಯ ಮುಂದಿನ ಹೆಣ್ಣುಮಕ್ಕಳೆಲ್ಲ ರೊಟ್ಟಿ ಬಡಿಯುವುದು ನಿಲ್ಲಿಸಿದ್ದರು. ಅಷ್ಟು ಜನರೆದುರು ಕೈ ಎತ್ತುವ ರೂಢಿ ಅವನಿಗಿರಲಿಲ್ಲ. ದನಿ ಮಾತ್ರ ಒಂದು ಸ್ವಲ್ಪ ಏರಿತು, ಆಕಿನ್ನ ಹೊರಗ ಕರೀರಿ, ಆಕಿ ಬಾಯಿಲೆ ಕೇಳ್ತೇನಿ ಎಂದ.

ಕಸ್ತೂರಿ ಹೊರಗೆ ಬಂದಳು. ಹೊರಗೆ ಬಂದದ್ದು ಹೇಗೆಂದು ಆಕೆಗೆ ಈಗಲೂ ನೆನಪಿಲ್ಲ. ಗಂಡನ ಮುಖ ನೋಡಲಾಗಲಿಲ್ಲ, ಅಣ್ಣನ ಮುಖ ನೋಡಿದಳು. ಸೊಟ್ಟ ಮುಂಗೈಯನ್ನು ಅವನ ಮುಂದೆ ಚಾಚಿದಳು.

‘ಇದನ್ನ ನೋಡು ಅಣ್ಣಾ. ನಾ ಬರಂಗಿಲ್ಲ.’

ನೀಲಪ್ಪ ನೋಡಿದ. ಎಲುಬು ಉಬ್ಬಿ ನಿಂತ ಜಾಗವನ್ನು ಮುಟ್ಟಲು ಹೋಗಿ ಕೈ ಹಿಂದೆ ತಗೊಂಡ. ಅಷ್ಟು ಹೊತ್ತಿಗೆ ಬಾನುಬಿ ಫೋನು ಹಿಡಿದು ಬಾಗಿಲಿಗೆ ಬಂದು, ಪೊಲೀಸರಿಗೆ ಹಚ್ಚಲೋ, ನೀವಾಗೇ ಹೋಗ್ತೀರೋ ಎಂದು ಕೇಳಿದಳು, ಗಿರಾಕಿಯನ್ನು ಎಷ್ಟು ರೊಟ್ಟಿ ಬೇಕೆಂದು ಕೇಳುವಷ್ಟೇ ಸಹಜವಾಗಿ. ಲಕ್ಷ್ಮಣ ಬೈಕು ಹತ್ತಿದ. ನೀಲಪ್ಪ ಹತ್ತಲಿಲ್ಲ. ನಾ ಬಸ್ಸಿಗೆ ಬರ್ತೇನಿ, ನೀವು ಹೋಗ್ರಿ ಎಂದ. ಆಮೇಲೆ ಚಪ್ಪರದಡಿ ಒಂದು ತಾಸು ಕೂತಿದ್ದು, ಕೊಟ್ಟ ನೀರು ಕುಡಿದು, ಶಿರೂರಿಗೆ ಹೋದ. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಲಿಲ್ಲ. ಮುಂದಿನ ತಾರೀಖಿಗೆ ಬಾದಾಮಿಯ ಕೋರ್ಟಿನ ಜಗುಲಿಗೆ ಬಂದು ತಂಗಿಯ ಪಕ್ಕ ಕೂತ. ಅದಾದ ಮೇಲೂ ಬರುತ್ತಿದ್ದಾನೆ.

ಲಕ್ಷ್ಮಣ ಇನ್ನೆರಡು ಸಲ ಬಂದು ರಸ್ತೆಯಾಚೆ ಬೈಕು ನಿಲ್ಲಿಸಿಕೊಂಡು ನೋಡಿ ಹೋದ. ಕೋರ್ಟಿನವರು ಹೆಂಡತಿ ಇರುವ ಕಡೆ ಸುಳಿಯಬಾರದೆಂದು ಆದೇಶ ಮಾಡಿದ ಮೇಲೆ ಬಂದಿಲ್ಲ. ಬರುವುದೇ ಇಲ್ಲ ಎಂದು ಕಸ್ತೂರಿ ನಂಬಿಲ್ಲ. ಅಂಗಳದಲ್ಲಿ ಬೈಕು ನಿಂತರೆ ಈಗಲೂ ಮೈ ಬಿಗಿಯುತ್ತದೆ, ಯಾರೆಂದು ನೋಡಿದ ಮೇಲೆ ಸಡಿಲಾಗುತ್ತದೆ. ಹುನಗುಂದದಲ್ಲಿ ಅವನ ಅಂಗಡಿ ಚೆನ್ನಾಗಿಯೇ ನಡೆದಿದೆಯಂತೆ. ಪಾಪ, ಹೆಂಡತಿ ತಾಯಿ ಇಬ್ಬರೂ ಬಿಟ್ಟುಹೋದರು ಎಂದು ಜನ ಕನಿಕರಪಡುತ್ತಾರಂತೆ.

ಬೇಸಿಗೆ ಸೂಟಿಗೆ ಪದ್ಮಶ್ರೀ ಖೋಲಿಗೆ ಬಂದಳು. ಹದಿನಾಲ್ಕರ ಹುಡುಗಿ, ಅವ್ವನಿಗಿಂತ ಎರಡು ಬೆರಳು ಎತ್ತರವಾಗಿದ್ದಳು. ಮೂವರು ಮಲಗಿದರೆ ಕಾಲಿಡಲು ಜಾಗವಿಲ್ಲ. ಒಂದು ಆದಿತವಾರ, ರೊಟ್ಟಿ ಕೆಲಸಕ್ಕೆ ಸೂಟಿ, ಮಧ್ಯಾಹ್ನ ಊಟ ಮುಗಿದಿತ್ತು. ಹುಡುಗಿ ಗೋಡೆಗೊರಗಿ ಲೆಕ್ಕ ಬಿಡಿಸುತ್ತಿದ್ದಳು. ಇಂದ್ರವ್ವ ಎಲೆಯಡಿಕೆ ಹಾಕಿಕೊಳ್ಳುತ್ತ, ಅಂವ ಈಗ ಏನು ಉಂಡನೋ ಏನೋ, ಕೈಯಾರೆ ಬೇಯಿಸ್ಕೊಳ್ಳಾಕ ಬರಂಗಿಲ್ಲ ಅವಂಗ ಎಂದಳು.

ಕಸ್ತೂರಿ ತಾಟು ತೊಳೆದು ಒರೆಸುತ್ತಿದ್ದಳು. ಒಳಗೆ ಎಲ್ಲಿಂದಲೋ ಒಂದು ಸಿಟ್ಟು ಎದ್ದುಬಂತು, ಇಷ್ಟು ವರ್ಷ ಅದು ಎಲ್ಲಿತ್ತೋ. ತಾಟನ್ನು ನೆಲಕ್ಕೆ ಬಡಿದಳು.

‘ಅವನ ಹೊಟ್ಟಿ ಚಿಂತಿ ಇದ್ರ ಹೋಗಿ ಬೇಯಿಸಿ ಹಾಕ್ರಿ!’ ಎಂದು ಚೀರಿದಳು. ‘ನನ್ನ ಮನ್ಯಾಗ ಆ ಮಾತು ಬ್ಯಾಡ.’

ತಾಟು ಗಿರಗಿರನೆ ತಿರುಗಿ ತಿರುಗಿ ಬಾಗಿಲ ಹತ್ತಿರ ಬಿತ್ತು. ಅದರ ಸಪ್ಪಳ ನಿಂತಿತು. ದನಿ ಏರಿತು, ಪಾತ್ರೆ ಬಿತ್ತು, ಇನ್ನು ಯಾರಾದರೂ ಏಳಬೇಕು. ಕಸ್ತೂರಿಯ ಭುಜ ತಾನಾಗಿಯೇ ಕುಗ್ಗಿ, ಕಣ್ಣು ಮುಚ್ಚಿಕೊಂಡವು.

ಯಾರೂ ಏಳಲಿಲ್ಲ. ಪದ್ಮಶ್ರೀ ತಲೆಯೆತ್ತಿ ಒಮ್ಮೆ ಅವ್ವನನ್ನು, ಒಮ್ಮೆ ಅಜ್ಜಿಯನ್ನು ನೋಡಿ, ಬಿಟ್ಟ ಲೆಕ್ಕಕ್ಕೆ ವಾಪಸು ಹೋದಳು. ಇಂದ್ರವ್ವ ಆ ಕಡೆ ಹೊರಳಿ ಮಲಗಿದಳು. ಫ್ಯಾನು ಕಿರಗುಡುತ್ತ ತಿರುಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಮುದುಕಿಯ ದನಿ ಕೇಳಿತು.

‘ಚಾ ಮಾಡ್ತಿಯೇನು?’

‘ನೀವ ಮಾಡ್ಕೋರಿ,’ ಎಂದಳು ಕಸ್ತೂರಿ. ಸಿಟ್ಟು ಇನ್ನೂ ಇಳಿದಿರಲಿಲ್ಲ.

ಇಂದ್ರವ್ವ ಗೋಡೆ ಹಿಡಿದು ಎದ್ದಳು. ಬಾಗಿಲ ಹತ್ತಿರ ಬಿದ್ದ ತಾಟು ಎತ್ತಿ ಜಾಗಕ್ಕಿಟ್ಟು, ಗೊಣಗುತ್ತ ಒಲೆ ಹಚ್ಚಿ ಮೂವರಿಗೂ ಚಹಾ ಮಾಡಿದಳು. ಸಕ್ಕರೆ ಬಹಳ ಹಾಕಿದ್ದಳು. ಕಸ್ತೂರಿ ಏನೂ ಹೇಳದೆ ಕುಡಿದಳು. ಲೋಟ ಪಕ್ಕಕ್ಕಿಟ್ಟು, ಮಗಳ ಕಾಲಿನ ಹತ್ತಿರ ಇದ್ದಷ್ಟು ಜಾಗದಲ್ಲಿ ಬಾಗಿಲಿಗೆ ಬೆನ್ನು ಮಾಡಿ ಮಲಗಿದಳು. ನಿದ್ದೆ ಹತ್ತಿದ್ದು ಆಕೆಗೆ ಗೊತ್ತೇ ಆಗಲಿಲ್ಲ.